ಕರ್ನಲ್ ಡೀಬಗ್ ಔಟ್‌ಪುಟ್: ಕಣ್ಣಿಗೆ ಪಠ್ಯವೋ, ಟೂಲ್‌ಗೆ ಬೈನರಿಯೋ?

ಮಂಡ್ಯದ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ವೇಬ್ರಿಡ್ಜ್ ಸ್ವಲ್ಪ ಹೊತ್ತು ನಿಂತರೂ ಟ್ರ್ಯಾಕ್ಟರು, ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ಅಂಥ ಒಂದು ವೇಬ್ರಿಡ್ಜ್‌ನಲ್ಲಿ ಲಿನಕ್ಸ್ ಓಡುವ ಪುಟ್ಟ ಆರ್ಮ್ ಬೋರ್ಡ್ ಇದೆ, ಲೋಡ್‌ಸೆಲ್‌ನಿಂದ ತೂಕ ಓದುವ ಡ್ರೈವರ್ ಅದರಲ್ಲಿದೆ, ಡ್ರೈವರ್ ಬರೆದವರು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಆಫೀಸಿನಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ತೂಕ ಬರುವುದು ನಿಂತಾಗ ಕರ್ನಲ್ (ಲಿನಕ್ಸ್‌ನ ತಿರುಳು) ಏನನ್ನು, ಯಾವ ರೂಪದಲ್ಲಿ ಹೊರಗೆ ಹಾಕಬೇಕು? ಯಾರ್ಡಿನ ಆಪರೇಟರ್‌ಗೆ ಅದು ಪರದೆಯ ಮೇಲಿನ ನಾಲ್ಕು ಸಾಲು. ಫೋನಿನಲ್ಲಿ ಫೋಟೊ ತೆಗೆದು ವಾಟ್ಸಾಪ್ ಮಾಡುವುದಷ್ಟೇ ಅವರ ಕೆಲಸ. ಹೆಬ್ಬಾಳದ ಎಂಜಿನಿಯರ್‌ಗೆ ಬೇಕಿರುವುದು ತಪ್ಪು ನಡೆಯುವ ಮುಂಚಿನ ಕೆಲವು ನಿಮಿಷಗಳ ಪ್ರತಿಯೊಂದು ಓದು. ಎಲ್ಲ ಬೋರ್ಡ್‌ಗಳ ಲಾಗನ್ನು ರಾತ್ರಿ ಜರಡಿ ಹಿಡಿಯುವ ಸ್ಕ್ರಿಪ್ಟ್‌ಗೆ ಬೇಕಿರುವುದು ವರ್ಷ ಕಳೆದರೂ ಹೆಸರು ಬದಲಿಸದ ಫೀಲ್ಡ್‌ಗಳು.

ಈ ಮೂರನ್ನೂ ಒಂದೇ ರೂಪದಲ್ಲಿ ಪೂರೈಸಲು ಹೋದಲ್ಲೇ ಎಡವಟ್ಟು ಶುರುವಾಗುತ್ತದೆ. ಮನುಷ್ಯರಿಗೋ ಯಂತ್ರಕ್ಕೋ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಕಚ್ಚಾ ಅಂಕಿಯ ಅರ್ಥವನ್ನು ಯಾವಾಗ, ಯಾವ ಯಂತ್ರದ ಮೇಲೆ ಬಿಡಿಸುತ್ತೀರಿ ಎಂದು ಕೇಳಿಕೊಂಡರೆ ಆಯ್ಕೆ ಬೇಗ ಮುಗಿಯುತ್ತದೆ. ಪಠ್ಯ ಎಂದರೆ ಕರ್ನಲ್ ಒಳಗೇ, ಆ ಕ್ಷಣದಲ್ಲೇ ಅರ್ಥ ಬಿಡಿಸಿ ಬರೆದದ್ದು. ಬೈನರಿ ಎಂದರೆ ಆ ಕೆಲಸವನ್ನು ಮುಂದಕ್ಕೆ ಹಾಕಿದ್ದು. ಮುಂದಕ್ಕೆ ಹಾಕಿದರೆ ವೇಗ ಸಿಗುತ್ತದೆ, ಜಾಗ ಉಳಿಯುತ್ತದೆ. ಆದರೆ ಅರ್ಥ ಬಿಡಿಸುವ ಕೀಲಿಯನ್ನು ಯಾರೋ ಜೋಪಾನ ಮಾಡಬೇಕು. ಕೀಲಿ ಕಳೆದರೆ ಬೈನರಿ ಫೈಲ್ ಕಸ.

## ಪಠ್ಯಕ್ಕೆ ತೆರುವ ಬೆಲೆ

ಸೀರಿಯಲ್ ಕನ್ಸೋಲ್ ಸಾಮಾನ್ಯವಾಗಿ 115200 ಬಾಡ್‌ನಲ್ಲಿರುತ್ತದೆ. ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಸೇರಿ ಬೈಟ್‌ಗೆ 10 ಬಿಟ್. ಅಂದರೆ ಸೆಕೆಂಡಿಗೆ 11520 ಬೈಟ್. ಟೈಮ್‌ಸ್ಟ್ಯಾಂಪ್ ಸೇರಿ 100 ಅಕ್ಷರದ ಒಂದು ಸಾಲು ತಂತಿಯಲ್ಲಿ ಹೋಗಲು ಸುಮಾರು 8.7 ಮಿಲಿಸೆಕೆಂಡ್ ಬೇಕು. ಲೋಡ್‌ಸೆಲ್ ಪರಿವರ್ತಕ ಸೆಕೆಂಡಿಗೆ 80 ಸ್ಯಾಂಪಲ್ ಕೊಡುತ್ತದೆ, ಪ್ರತಿ ಸ್ಯಾಂಪಲ್‌ಗೂ ಒಂದು ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಾಲು ಬರೆಯುವ ಫಂಕ್ಷನ್) ಹಾಕಿದ್ದೀರಿ ಎನ್ನಿ. ಸೆಕೆಂಡಿನಲ್ಲಿ ಸುಮಾರು 700 ಮಿಲಿಸೆಕೆಂಡ್ ಕನ್ಸೋಲ್‌ಗೇ ಹೋಯಿತು. ಹಳೆಯ ರೀತಿಯ ಕನ್ಸೋಲ್ ಡ್ರೈವರ್‌ಗಳಲ್ಲಿ ಪ್ರಿಂಟ್‌ಕೆ ಕರೆದ ಕೋಡೇ ನಿಂತು ಈ ಕೆಲಸ ಮುಗಿಸಬೇಕಾಗುತ್ತದೆ. ಹೊಸ ಕರ್ನಲ್‌ಗಳಲ್ಲಿ ಕನ್ಸೋಲ್‌ಗೆ ಪ್ರತ್ಯೇಕ ಥ್ರೆಡ್ ಬರುತ್ತಿದೆಯಾದರೂ ಆಯಾ ಕನ್ಸೋಲ್ ಡ್ರೈವರ್ ಅದಕ್ಕೆ ಹೊಂದಿಕೊಂಡಿರಬೇಕು. ತಂತಿಯ ವೇಗವಂತೂ ಅದೇ.

ಪರಿಣಾಮ ಎರಡು ಥರ. ಕೆಲವೊಮ್ಮೆ ವಾಚ್‌ಡಾಗ್, ಅಂದರೆ ಸಿಸ್ಟಮ್ ಸಿಕ್ಕಿಕೊಂಡಿದೆಯೇ ಎಂದು ಕಾಯುವ ಕಾವಲು, ಬೊಗಳುತ್ತದೆ. ಇನ್ನು ಕೆಲವೊಮ್ಮೆ ನೀವು ಹುಡುಕುತ್ತಿದ್ದ ರೇಸ್ ಕಂಡೀಷನ್ನೇ (ಎರಡು ಕೆಲಸಗಳ ಸಮಯ ತಾಗಿದಾಗ ಮಾತ್ರ ಬರುವ ದೋಷ) ಮಾಯ: ಸಾಲು ಹಾಕಿದರೆ ಸರಿ ಹೋಗುತ್ತದೆ, ತೆಗೆದರೆ ಮತ್ತೆ ಕೆಡುತ್ತದೆ. ಎರಡನೆಯದೇ ಹೆಚ್ಚು ದಿನ ತಿನ್ನುವುದು.

ಕನ್ಸೋಲ್ ಬಿಟ್ಟು ಮೆಮೊರಿಯಲ್ಲಿರುವ ಲಾಗ್ ಬಫರ್‌ಗೆ ಮಾತ್ರ ಬರೆದರೂ ಜಾಗ ಸಾಲದು. ಲಾಗ್ ಬಫರ್‌ನ ಡೀಫಾಲ್ಟ್ ಗಾತ್ರ ಸಾಮಾನ್ಯವಾಗಿ 128 ಕಿಲೋಬೈಟ್. ಮೇಲಿನ ಲೆಕ್ಕದಲ್ಲಿ ಸೆಕೆಂಡಿಗೆ 8000 ಬೈಟ್ ಸುರಿದರೆ ಹದಿನಾರು ಸೆಕೆಂಡಿಗೆ ಬಫರ್ ಒಂದು ಸುತ್ತು ಮುಗಿಸಿ ಹಳೆಯದನ್ನು ಅಳಿಸತೊಡಗುತ್ತದೆ. ಆಪರೇಟರ್ ಫೋನ್ ಎತ್ತುವ ಹೊತ್ತಿಗೆ ಬೂಟ್ ಸಂದೇಶಗಳ ಜೊತೆಗೆ ಮೂಲ ದೋಷದ ಸಾಲೂ ಹೋಗಿರುತ್ತದೆ. ಬೂಟ್ ಸಾಲಿನಲ್ಲಿ ಲಾಗ್ ಬಫರ್ ಗಾತ್ರವನ್ನು 1 ಮೆಗಾಬೈಟ್‌ಗೆ ಏರಿಸಬಹುದು, ಆದರೆ ಅದು ಎರಡು ನಿಮಿಷದ ಮಾತು ಅಷ್ಟೇ.

ಹಾಗಾಗಿ ಪ್ರಿಂಟ್‌ಕೆಯಲ್ಲಿ ಅಪರೂಪದ ಘಟನೆಗಳು ಮಾತ್ರ ಇರಲಿ: ಡ್ರೈವರ್ ಶುರುವಾಯಿತು, ಚಿಪ್ ಉತ್ತರಿಸಲಿಲ್ಲ, ಮರುಹೊಂದಿಸಿದೆ, ಕೈಬಿಟ್ಟೆ. ಕನ್ಸೋಲ್‌ನ ಲಾಗ್‌ಲೆವೆಲ್ 4 ಇಟ್ಟರೆ ಹಂತ 0ರಿಂದ 3ರವರೆಗಿನವು, ಅಂದರೆ ಎರರ್ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ತಂತಿಗೆ ಹೋಗುತ್ತವೆ. ಉಳಿದವು ಬಫರ್‌ನಲ್ಲಿ ಕೂತಿರುತ್ತವೆ. ಹೆಚ್ಚಿನ ವಿವರ ಬೇಕೆನಿಸಿದ ಸಾಲುಗಳನ್ನು ಡೈನಮಿಕ್ ಡೀಬಗ್‌ಗೆ ಬಿಡಿ. ಅವು ಮಾಮೂಲಿಗೆ ಆಫ್ ಇರುತ್ತವೆ, ಬೇಕಾದ ಫೈಲ್ ಅಥವಾ ಫಂಕ್ಷನ್ ಹೆಸರು ಕೊಟ್ಟು ಓಡುತ್ತಿರುವ ಬೋರ್ಡ್‌ನಲ್ಲೇ ಆನ್ ಮಾಡಬಹುದು.

## ಪ್ರಿಂಟ್‌ಕೆ ಒಳಗಿರುವ ಶಿಸ್ತು

ಲಾಗ್ ತೋರಿಸುವ ಡಿಮೆಸೇಜ್ ಆಜ್ಞೆ ತೋರಿಸುವುದನ್ನಷ್ಟೇ ನೋಡಿದವರಿಗೆ ಕರ್ನಲ್ ಲಾಗ್ ಎಂದರೆ ಬರೀ ಸಾಲುಗಳು. 2012ರಲ್ಲಿ ಬಂದ 3.5 ಆವೃತ್ತಿಯಿಂದ ಒಳಗೆ ಅವು ದಾಖಲೆಗಳಾಗಿವೆ. /ಡೆವ್/ಕೆಎಂಎಸ್‌ಜಿ ಓದಿದರೆ ಹೀಗೆ ಕಾಣುತ್ತದೆ:

3,812,91350277,-;ಲೋಡ್‌ಸೆಲ್ 1-0048: ಓದು ವಿಫಲ: ಚಾನಲ್=3 ದೋಷ=-121 ಮರುಯತ್ನ=2
 ಸಬ್‌ಸಿಸ್ಟಮ್=ಐ2ಸಿ
 ಡಿವೈಸ್=+ಐ2ಸಿ:1-0048

ಮೊದಲ 3 ಎಂದರೆ ಎರರ್ ಹಂತ. 812 ಕ್ರಮಸಂಖ್ಯೆ. ಮೂರನೆಯದು ಬೂಟ್ ಆದಂದಿನಿಂದ ಮೈಕ್ರೋಸೆಕೆಂಡ್, ಇಲ್ಲಿ 91.35 ಸೆಕೆಂಡ್. ಅರ್ಧವಿರಾಮ ಚಿಹ್ನೆಯ ನಂತರ ಮನುಷ್ಯರ ಸಾಲು; ಕೆಳಗೆ ಸ್ಪೇಸ್‌ನಿಂದ ಶುರುವಾಗುವ ಸಾಲುಗಳು ಯಂತ್ರಕ್ಕೆ. ಆ ಕೊನೆಯ ಎರಡು ಸಾಲು ಪುಕ್ಕಟೆ ಬರುವುದಿಲ್ಲ. ಬರಿಯ ಪ್ರಿಂಟ್‌ಕೆ ಅಥವಾ ಪಿಆರ್‌-ಎರರ್ ಬದಲು ಡಿವೈಸ್ ಪಾಯಿಂಟರ್ ಕೊಟ್ಟು ಡೆವ್‌-ಎರರ್ ಬಳಸಿದಾಗ ಮಾತ್ರ ಅವು ಸೇರುತ್ತವೆ. ಒಂದು ಫಂಕ್ಷನ್ ಹೆಸರು ಬದಲಿಸಿದರೆ ರಾತ್ರಿಯ ಸ್ಕ್ರಿಪ್ಟ್‌ಗೆ ಯಾವ ಚಿಪ್ ಎಂದು ಊಹಿಸುವ ಪೇಚಾಟ ತಪ್ಪುತ್ತದೆ. ಓದುವವರು ಹಿಂದೆ ಬಿದ್ದು ನಡುವಿನ ದಾಖಲೆಗಳು ಅಳಿಸಿಹೋದರೆ ಓದಿನ ಕರೆ ದೋಷ ಹೇಳುತ್ತದೆ, ಕ್ರಮಸಂಖ್ಯೆಯಲ್ಲಿ ಕಂದರ ಕಾಣುತ್ತದೆ. ಸಾದಾ ಪಠ್ಯ ಫೈಲಿನಲ್ಲಿ ಏನು ಕಳೆಯಿತು ಎನ್ನುವುದೇ ತಿಳಿಯುವುದಿಲ್ಲ.

ಮೇಲಿನ ಸಾಲನ್ನು ಓದುವ ಅನುಕೂಲಕ್ಕೆ ಕನ್ನಡದಲ್ಲಿ ತೋರಿಸಿದ್ದೇವೆ. ಕೋಡ್‌ನಲ್ಲಿ ಹಾಗೆ ಬರೆಯಬೇಡಿ. ಈ ಫೈಲ್ ಆಸ್ಕಿ ಅಲ್ಲದ ಪ್ರತಿ ಬೈಟನ್ನೂ ನಾಲ್ಕು ಅಕ್ಷರದ ಹೆಕ್ಸ್ ಗುರುತಾಗಿ ಬದಲಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಕೋಡ್‌ಪಾಯಿಂಟ್‌ಗೆ 3 ಬೈಟ್, ಅಂದರೆ ಒಂದೊಂದಕ್ಕೂ ಹನ್ನೆರಡು ಅಕ್ಷರದ ಕಗ್ಗ.

ಸಂದೇಶದ ಒಳಗಿನ ಭಾಗ ಹೇಗಿರಬೇಕು ಎನ್ನುವುದಕ್ಕೆ ಕೆಆರ್‌ಎಸ್ ನೀರಿನ ಮಟ್ಟವನ್ನು ನಮ್ಮ ಪತ್ರಿಕೆಗಳು ಅಚ್ಚು ಹಾಕುವ ರೀತಿ ನೋಡಿ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಗದ್ದೆಯವರಿಗೂ ಓದಲು ಬರುತ್ತದೆ, ಅದನ್ನೇ ಸ್ಪ್ರೆಡ್‌ಶೀಟ್‌ಗೆ ಏರಿಸುವವರಿಗೂ ಕಷ್ಟವಿಲ್ಲ: ಹೆಸರು, ಅಂಕಿ, ಮಾನ, ದಿನವೂ ಅದೇ ಕ್ರಮ. ಡ್ರೈವರ್ ಸಾಲೂ ಹೀಗೇ ಇರಲಿ. ಮೊದಲು ಬದಲಾಗದ ಒಂದು ಪದಗುಚ್ಛ, ಅದು ಸಾಲು ಹುಡುಕುವ ಗ್ರೆಪ್‌ಗೆ. ಆಮೇಲೆ ಹೆಸರು, ಸಮಚಿಹ್ನೆ, ಬೆಲೆ (ವ್ಯಾಲ್ಯೂ). ಮಾನವನ್ನು ಹೆಸರಿಗೇ ಅಂಟಿಸಿ, ಉದಾಹರಣೆಗೆ ಕಾಲ_ಮೈಸೆ (ಮೈಕ್ರೋಸೆಕೆಂಡ್). ದೋಷದ ಅಂಕಿಯನ್ನು ನುಂಗಬೇಡಿ: -121 ಎಂದರೆ ಐ2ಸಿಯಲ್ಲಿ (ಬೋರ್ಡ್, ಚಿಪ್ ನಡುವಿನ ಎರಡು ತಂತಿಯ ಬಸ್) ಸಾಮಾನ್ಯವಾಗಿ ಎದುರಿನ ಚಿಪ್ ಒಪ್ಪಿಗೆ ಕೊಡಲಿಲ್ಲ, -110 ಎಂದರೆ ಕಾಯುವ ಸಮಯ ಮೀರಿತು. ಮೊದಲನೆಯದಕ್ಕೆ ವೈರಿಂಗ್ ನೋಡಬೇಕು, ಎರಡನೆಯದಕ್ಕೆ ಬಸ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಬೇಕು. "ತೂಕ ಓದಲಾಗಲಿಲ್ಲ" ಎಂದಷ್ಟೇ ಬರೆದರೆ ಎರಡೂ ಒಂದೇ ಆಗಿಬಿಡುತ್ತವೆ.

ಒಂದು ದಾಖಲೆಗೆ ಸುಮಾರು 1024 ಬೈಟ್ ಮಿತಿಯಿದೆ, ಉದ್ದವಾದರೆ ಬಾಲ ಕತ್ತರಿಸುತ್ತದೆ. ಒಂದೇ ಸಾಲನ್ನು ಪಿಆರ್‌-ಕಂಟ್‌ನಿಂದ ತುಂಡು ತುಂಡಾಗಿ ಕಟ್ಟಿದರೆ ನಡುವೆ ಬೇರೆ ಸಿಪಿಯುವಿನ ಸಾಲು ನುಗ್ಗಬಹುದು. ಒಂದು ಘಟನೆ, ಒಂದು ಕರೆ.

## ಪಠ್ಯವನ್ನು ಸ್ಕ್ರಿಪ್ಟ್‌ಗೆ ಉಣಿಸುವಾಗ

ಪಾರ್ಸರ್‌ಗಳು ಬೀಳುವ ಹಳೇ ಗುಂಡಿ /ಪ್ರೋಕ್‌ನಲ್ಲಿರುವ ಪ್ರತಿ ಪ್ರಾಸೆಸ್‌ನ ಸ್ಟ್ಯಾಟ್ ಫೈಲ್. ಫೀಲ್ಡ್‌ಗಳ ನಡುವೆ ಸ್ಪೇಸ್, ಎರಡನೆಯ ಫೀಲ್ಡ್ ಆವರಣದೊಳಗೆ ಪ್ರಾಸೆಸ್ ಹೆಸರು. ಸ್ಪೇಸ್‌ನಲ್ಲಿ ಒಡೆದರೆ ಸಾಕು ಎಂದು ಬರೆದ ಸ್ಕ್ರಿಪ್ಟ್, ಟಿಮಕ್ಸ್ ಸರ್ವರ್ ತನ್ನ ಹೆಸರಿನಲ್ಲೇ ಸ್ಪೇಸ್ ಇಟ್ಟುಕೊಂಡಿರುವ ದಿನ ಮಗುಚುತ್ತದೆ. ಮುಂದಿನ ಎಲ್ಲ ಫೀಲ್ಡ್ ಒಂದು ಮನೆ ಸರಿಯುತ್ತವೆ. ಹೆಸರಿನೊಳಗೆ ಮುಚ್ಚುವ ಆವರಣವೂ ಇರಬಹುದು. ಸರಿಯಾದ ದಾರಿ ಸಾಲಿನ ಕೊನೆಯ ಮುಚ್ಚುವ ಆವರಣವನ್ನು ಹುಡುಕಿ, ಅಲ್ಲಿಂದ ಮುಂದಕ್ಕೆ ಒಡೆಯುವುದು. ನಿಮ್ಮ ಸಾಲುಗಳಿಗೂ ಇದೇ ನಿಯಮ: ಹೊರಗಿನವರು ಇಟ್ಟ ಹೆಸರು ಬರುವ ಫೀಲ್ಡ್ ಇದ್ದರೆ ಕೊನೆಯಲ್ಲಿ ಇಡಿ, ಇಲ್ಲವೇ ಉಲ್ಲೇಖ ಚಿಹ್ನೆಯೊಳಗೆ ಹಾಕಿ.

ಎರಡನೆಯ ಮೋಸ ಎಣಿಕೆಯದು. ರೇಟ್‌ಲಿಮಿಟ್ ಹಾಕಿದ ಸಂದೇಶ ಡೀಫಾಲ್ಟ್ ಆಗಿ 5 ಸೆಕೆಂಡಿಗೆ 10 ಸಲ ಮಾತ್ರ ಹೊರಬರುತ್ತದೆ, ಉಳಿದವು ಇಷ್ಟು ಅದುಮಿಟ್ಟೆ ಎಂಬ ಒಂದು ಸಾಲಾಗುತ್ತವೆ. ಸಾಲು ಎಣಿಸಿ ದೋಷದ ಪ್ರಮಾಣ ಹೇಳುವ ಗ್ರಾಫ್‌ನಲ್ಲಿ ಪರಿಸ್ಥಿತಿ ಹದಗೆಟ್ಟಷ್ಟೂ ಗೆರೆ ಸಪಾಟಾಗುತ್ತದೆ. ಎಣಿಕೆ ಬೇಕಿದ್ದರೆ /ಸಿಸ್ ಕೆಳಗೆ ಕಾಣುವ ಸಿಸ್‌ಎಫ್‌ಎಸ್‌ನಲ್ಲಿ ಕೌಂಟರ್ ಇಡಿ. ಅಲ್ಲಿ ಒಂದು ಫೈಲಿಗೆ ಒಂದೇ ಬೆಲೆ ಎಂಬ ಕಟ್ಟುಪಾಡಿದೆ, ಅದಕ್ಕೇ ಅದು ಕ್ಯಾಟ್ ಮಾಡುವ ಕಣ್ಣಿಗೂ ಸ್ಕ್ರಿಪ್ಟ್‌ಗೂ ಒಗ್ಗುತ್ತದೆ.

ಮೂರನೆಯದು, ಸಂದೇಶದ ಪದಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಅವು ಬದಲಾಗಬಾರದು ಎಂದು ಕರ್ನಲ್ ಯಾರಿಗೂ ಮಾತು ಕೊಟ್ಟಿಲ್ಲ. 5.15ರಲ್ಲಿ ಪ್ರಿಂಟ್‌ಕೆ ಇಂಡೆಕ್ಸ್ ಎಂಬ ಆಯ್ಕೆ ಬಂದದ್ದೇ ಈ ಕಾರಣಕ್ಕೆ. ಅದನ್ನು ಆನ್ ಮಾಡಿ ಬಿಲ್ಡ್ ಮಾಡಿದರೆ ಕರ್ನಲ್‌ನಲ್ಲಿರುವ ಎಲ್ಲ ಪ್ರಿಂಟ್‌ಕೆ ಫಾರ್ಮ್ಯಾಟ್‌ಗಳ ಪಟ್ಟಿ ಡೀಬಗ್‌ಎಫ್‌ಎಸ್‌ನಲ್ಲಿ (ಡೀಬಗ್ ಮಾಹಿತಿಗೆಂದೇ ಕರ್ನಲ್ ತೋರಿಸುವ ಫೈಲ್‌ಗಳ ಜಾಗ) ಸಿಗುತ್ತದೆ. ಹಳೆಯ ಬಿಲ್ಡ್‌ನ ಪಟ್ಟಿಗೂ ಹೊಸದಕ್ಕೂ ಡಿಫ್ ನೋಡಿ, ನಿಮ್ಮ ರೆಜೆಕ್ಸ್ ಹುಡುಕುವ ಸಾಲು ಇನ್ನೂ ಇದೆಯೇ ಎಂದು ಬೋರ್ಡ್ ಮಂಡ್ಯಕ್ಕೆ ಹೋಗುವ ಮುಂಚೆಯೇ ಖಾತ್ರಿ ಮಾಡಿಕೊಳ್ಳಬಹುದು.

ಪಾಯಿಂಟರ್‌ಗಳ ವಿಷಯ ಚುಟುಕಾಗಿ: 4.15ರಿಂದ ಸಾದಾ ಪಾಯಿಂಟರ್ ಫಾರ್ಮ್ಯಾಟ್ ನಿಜವಾದ ವಿಳಾಸ ಅಚ್ಚು ಹಾಕುವುದಿಲ್ಲ, ಹ್ಯಾಶ್ ಮಾಡಿದ ಬೆಲೆ ಹಾಕುತ್ತದೆ. ಅದೇ ಬೂಟ್‌ನಲ್ಲಿ ಎರಡು ಸಾಲು ಒಂದೇ ವಸ್ತುವಿನ ಬಗ್ಗೆಯೇ ಎಂದು ಹೊಂದಿಸಲು ಅದು ಸಾಕು. ಬೂಟ್‌ಗಳ ನಡುವೆ ಹೋಲಿಸಲು, ಮೆಮೊರಿ ಡಂಪ್‌ನಲ್ಲಿ ಹುಡುಕಲು ಉಪಯೋಗವಿಲ್ಲ.

ಕಣ್ಣು, ಯಂತ್ರ ಎರಡಕ್ಕೂ ಚೆನ್ನಾಗಿ ಹೊಂದುವ ಪಠ್ಯವೂ ಇದೆ. ಕರ್ನಲ್ ಕೋಡನ್ನು ತುಂಡು ತುಂಡಾಗಿ ಪರೀಕ್ಷಿಸುವ ಕೆಯೂನಿಟ್ ಪರೀಕ್ಷೆಗಳು ಕರ್ನಲ್ ಲಾಗ್‌ಗೇ ಕೆಟ್ಯಾಪ್ ರೂಪದಲ್ಲಿ ಬರೆಯುತ್ತವೆ: ಸಾಲಿಗೆ ಒಂದು ಫಲಿತಾಂಶ, ಓಕೆ ಅಥವಾ ನಾಟ್ ಓಕೆ, ಕ್ರಮಸಂಖ್ಯೆ, ಹೆಸರು. ಕರ್ನಲ್ ವಾರ್ನಿಂಗ್‌ನ ಮೇಲೆ ಬರುವ "ಕಟ್ ಹಿಯರ್" ಗೆರೆ, ಕೆಳಗಿನ "ಎಂಡ್ ಟ್ರೇಸ್" ಗೆರೆಯೂ ಹಾಗೆಯೇ. ಫೋಟೊ ತೆಗೆಯುವವರಿಗೆ ಎಲ್ಲಿಂದ ಎಲ್ಲಿಗೆ ಎಂದು ಗೊತ್ತಾಗುತ್ತದೆ, ಸ್ಕ್ರಿಪ್ಟ್‌ಗೂ ಎಲ್ಲಿ ಕತ್ತರಿಸಬೇಕೆಂದು ಗೊತ್ತಾಗುತ್ತದೆ.

## ಟ್ರೇಸ್‌ಪಾಯಿಂಟ್: ಬರೆಯುವಾಗ ಬೈನರಿ, ಓದುವಾಗ ಪಠ್ಯ

ಸೆಕೆಂಡಿಗೆ 80 ಸ್ಯಾಂಪಲ್‌ನ ಕತೆಗೆ ಸರಿಯಾದ ಜಾಗ ಟ್ರೇಸ್‌ಪಾಯಿಂಟ್, ಅಂದರೆ ಘಟನೆಯನ್ನು ದಾಖಲಿಸಲು ಕರ್ನಲ್ ಕೋಡ್‌ನಲ್ಲಿ ಇಟ್ಟ, ಬೇಕಾದಾಗ ಆನ್ ಮಾಡುವ ಗುರುತು. ಟ್ರೇಸ್ ಇವೆಂಟ್ ಮ್ಯಾಕ್ರೊದಲ್ಲಿ ಮೂರು ಮುಖ್ಯ ಭಾಗ: ಯಾವ ಫೀಲ್ಡ್‌ಗಳು, ಅವಕ್ಕೆ ಬೆಲೆ ತುಂಬುವುದು ಹೇಗೆ, ಅಚ್ಚು ಹಾಕುವುದು ಹೇಗೆ. ಘಟನೆ ನಡೆದಾಗ ಮೊದಲೆರಡು ಮಾತ್ರ ಓಡುತ್ತವೆ. ಚಾನಲ್, ಕಚ್ಚಾ ಬೆಲೆ, ದೋಷ, ಕಾಲ ಎಂಬ ನಾಲ್ಕು 32 ಬಿಟ್ ಫೀಲ್ಡ್ ಇರುವ ಇವೆಂಟ್‌ಗೆ ಎಲ್ಲ ಇವೆಂಟ್‌ಗೂ ಇರುವ ಸಾಮಾನ್ಯ ತಲೆಯ (ಹೆಡರ್) 8 ಬೈಟ್, ಫೀಲ್ಡ್‌ಗಳ 16 ಬೈಟ್, ರಿಂಗ್ ಬಫರ್‌ನ 4 ಬೈಟ್, ಒಟ್ಟು 28. ಅದೇ ಇವೆಂಟ್ ಪಠ್ಯವಾದಾಗ ಪ್ರಾಸೆಸ್ ಹೆಸರು, ಸಿಪಿಯು, ಸಮಯ ಎಲ್ಲ ಸೇರಿ ನೂರು ಅಕ್ಷರದ ಆಸುಪಾಸು. ಸೆಕೆಂಡಿಗೆ 80ರಂತೆ 2240 ಬೈಟ್. 1 ಮೆಗಾಬೈಟ್ ಬಫರ್‌ನಲ್ಲಿ ಏಳು ನಿಮಿಷಕ್ಕೂ ಹೆಚ್ಚಿನ ಇತಿಹಾಸ ನಿಲ್ಲುತ್ತದೆ. ಪಠ್ಯವಾಗಿಸುವ ಖರ್ಚು ಯಾರಾದರೂ ಓದಿದಾಗ ಮಾತ್ರ.

ಬೋರ್ಡ್‌ನಲ್ಲಿ ಮಾಡಬೇಕಾದ್ದು ಇಷ್ಟು. /ಸಿಸ್/ಕರ್ನಲ್/ಟ್ರೇಸಿಂಗ್ ಒಳಗೆ ಬಫರ್ ಗಾತ್ರದ ಫೈಲಿಗೆ 1024 ಬರೆಯಿರಿ. ಅದು ಪ್ರತಿ ಸಿಪಿಯುವಿಗೆ, ಕಿಲೋಬೈಟ್ ಲೆಕ್ಕದಲ್ಲಿ. ನಿಮ್ಮ ಇವೆಂಟ್‌ನ ಎನೇಬಲ್ ಫೈಲಿಗೆ 1 ಬರೆಯಿರಿ. ಅದೇ ಡೈರೆಕ್ಟರಿಯ ಟ್ರಿಗರ್ ಫೈಲಿಗೆ, ದೋಷ ಸೊನ್ನೆ ಅಲ್ಲದಿದ್ದರೆ ಟ್ರೇಸ್‌ಆಫ್ ಎಂಬ ಷರತ್ತು ಬರೆಯಿರಿ. ಮೊದಲ ದೋಷ ಬಂದ ಕೂಡಲೇ ಬರವಣಿಗೆ ನಿಂತು ಅದರ ಹಿಂದಿನ ಏಳು ನಿಮಿಷ ಹಾಗೇ ಉಳಿಯುತ್ತದೆ. ಆಪರೇಟರ್ ತಡವಾಗಿ ಫೋನ್ ಮಾಡಿದರೂ ನಷ್ಟವಿಲ್ಲ. ಟ್ರೇಸ್ ಹೊರತೆಗೆಯುವ ಟ್ರೇಸ್-ಸಿಎಂಡಿ ಟೂಲ್‌ನ ಎಕ್ಸ್‌ಟ್ರ್ಯಾಕ್ಟ್ ಆಜ್ಞೆ ಕೊಟ್ಟರೆ ಎಲ್ಲ ಒಂದು ಫೈಲ್ ಆಗುತ್ತದೆ. ಅದನ್ನು ಮೊಬೈಲ್ ಡೇಟಾದಲ್ಲೇ ಕಳಿಸಿ, ಹೆಬ್ಬಾಳದಲ್ಲಿ ರಿಪೋರ್ಟ್ ಆಜ್ಞೆಯಿಂದ ಪಠ್ಯ ಮಾಡಿಕೊಳ್ಳಬಹುದು ಅಥವಾ ಕರ್ನಲ್‌ಶಾರ್ಕ್‌ನಲ್ಲಿ ಚಿತ್ರವಾಗಿ ನೋಡಬಹುದು.

ಕೀಲಿ ಎಲ್ಲಿದೆ? ಪ್ರತಿ ಇವೆಂಟ್‌ನ ಡೈರೆಕ್ಟರಿಯಲ್ಲಿ ಫಾರ್ಮ್ಯಾಟ್ ಎಂಬ ಫೈಲಿದೆ: ಚಾನಲ್, ಆಫ್‌ಸೆಟ್ 8, ಗಾತ್ರ 4, ಸೈನ್ ಇದೆ, ಹೀಗೆ. ಟ್ರೇಸ್-ಸಿಎಂಡಿ ಅದನ್ನು ತನ್ನ ಫೈಲಿನ ತಲೆಯಲ್ಲೇ ತುಂಬಿಕೊಂಡು ಬರುತ್ತದೆ, ಕೀಲಿ ಬೀಗದ ಜೊತೆಗೇ ಪ್ರಯಾಣ ಮಾಡುತ್ತದೆ. ಈ ಫೈಲನ್ನು ಕಡೆಗಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ಟೂಲ್ ಸಾಕ್ಷಿ. ಅದು ಫಾರ್ಮ್ಯಾಟ್ ಓದದೆ ಆಫ್‌ಸೆಟ್‌ಗಳನ್ನು ಗಟ್ಟಿಯಾಗಿ ಕೋಡ್‌ನಲ್ಲಿ ಬರೆದುಕೊಂಡಿತ್ತು. ಇಡೀ ಕರ್ನಲ್‌ಗೆ ಒಂದೇ ಬೀಗವಾಗಿದ್ದ ಬಿಗ್ ಕರ್ನಲ್ ಲಾಕ್ ಹೋದ ಮೇಲೆ, 2011ರ ಸುಮಾರಿಗೆ, ಬೇಡವಾದ ಲಾಕ್-ಡೆಪ್ತ್ ಫೀಲ್ಡನ್ನು ಸಾಮಾನ್ಯ ತಲೆಯಿಂದ ತೆಗೆದಾಗ ಪವರ್‌ಟಾಪ್ ಕೆಟ್ಟಿತು, ಆ ಜಾಗಕ್ಕೆ 4 ಬೈಟ್ ಖಾಲಿ ಪ್ಯಾಡಿಂಗ್ ಇಡಬೇಕಾಯಿತು. ಯಂತ್ರ ಓದುವ ರೂಪ ಎಂದ ಮಾತ್ರಕ್ಕೆ ಗಟ್ಟಿ ಎಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅಚ್ಚು ಹಾಕುವ ಭಾಗ ಬರೆಯುವಾಗ ಎರಡು ಎಚ್ಚರ. ಒಂದು, ಅಲ್ಲಿ ಪಾಯಿಂಟರ್ ಹಿಡಿದು ಒಳಗೆ ಹೋಗಬೇಡಿ. ಆ ಭಾಗ ಓಡುವುದು ಓದುವಾಗ. ಅಷ್ಟರಲ್ಲಿ ಆ ಮೆಮೊರಿ ಬಿಡುಗಡೆಯಾಗಿರಬಹುದು. ಸ್ಟ್ರಿಂಗ್ ಬೇಕಿದ್ದರೆ ಘಟನೆಯ ಕ್ಷಣದಲ್ಲೇ ನಕಲು ಮಾಡಿ, ಅದಕ್ಕೆಂದೇ ಮ್ಯಾಕ್ರೊಗಳಿವೆ. ಇನ್ನೊಂದು, ಅಲ್ಲಿ ನಿಮ್ಮದೇ ಫಂಕ್ಷನ್ ಕರೆದರೆ ಪಠ್ಯ ಬೋರ್ಡ್‌ನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಹೆಬ್ಬಾಳದ ಲ್ಯಾಪ್‌ಟಾಪ್‌ನಲ್ಲಿ ಟ್ರೇಸ್-ಸಿಎಂಡಿಗೆ ಆ ಫಂಕ್ಷನ್ ಎಂದರೇನೆಂದೇ ಗೊತ್ತಿರುವುದಿಲ್ಲ. ಸ್ಥಿತಿಯ ಅಂಕಿಗೆ ಹೆಸರು ಕೊಡಲು ಪ್ರಿಂಟ್-ಸಿಂಬಾಲಿಕ್ ಸಹಾಯಕ ಬಳಸಿ. ಈನಮ್ ಆಗಿದ್ದರೆ ಟ್ರೇಸ್-ಡಿಫೈನ್-ಈನಮ್ ಸೇರಿಸಿ. ಇಲ್ಲದಿದ್ದರೆ ಫಾರ್ಮ್ಯಾಟ್ ಫೈಲಿನಲ್ಲಿ ಅಂಕಿಯ ಬದಲು ಈನಮ್‌ನ ಹೆಸರೇ ಕೂತು ಟೂಲ್ ತಬ್ಬಿಬ್ಬಾಗುತ್ತದೆ.

ಇವೆಂಟ್ ಬರೆಯುವಷ್ಟು ಪುರುಸೊತ್ತಿಲ್ಲದಾಗ ಟ್ರೇಸ್-ಪ್ರಿಂಟ್‌ಕೆ ಇದೆ. ನೋಡಲು ಪ್ರಿಂಟ್‌ಕೆ ಥರವೇ, ಆದರೆ ಬಫರ್‌ಗೆ ಹೋಗುವುದು ಫಾರ್ಮ್ಯಾಟ್ ಸ್ಟ್ರಿಂಗ್‌ನ ವಿಳಾಸ ಮತ್ತು ಕಚ್ಚಾ ಆರ್ಗ್ಯುಮೆಂಟ್‌ಗಳು ಮಾತ್ರ. ಇಂಟರಪ್ಟ್ ಒಳಗೂ ಹಗುರ. ಅದು ಡೆವಲಪರ್ ಮೇಜಿಗೆ ಮಾತ್ರ. ಅದಿರುವ ಕರ್ನಲ್ ಬೂಟ್ ಆಗುವಾಗ ದೊಡ್ಡ ಚೌಕಟ್ಟಿನಲ್ಲಿ ಎಚ್ಚರಿಕೆ ಬರುತ್ತದೆ, ಗ್ರಾಹಕರ ಬೋರ್ಡ್‌ಗೆ ಹೋಗಲೇಬಾರದು.

ಟ್ರೇಸ್ ಬಫರನ್ನು ಊಪ್ಸ್ (ಕರ್ನಲ್ ಒಳಗಿನ ಗಂಭೀರ ದೋಷದ ವರದಿ) ಸಮಯದಲ್ಲಿ ಕನ್ಸೋಲ್‌ಗೆ ಸುರಿಯುವ ಆಯ್ಕೆಯೂ ಇದೆ, ಆಸೆ ಹುಟ್ಟಿಸುತ್ತದೆ. ಲೆಕ್ಕ ಹಾಕಿ: 1 ಮೆಗಾಬೈಟ್‌ನಲ್ಲಿ ಸುಮಾರು 37,000 ಇವೆಂಟ್, ತಲಾ ನೂರು ಅಕ್ಷರ, 115200 ಬಾಡ್. ಒಂದೇ ಸಿಪಿಯುವಿನದು ಮುಗಿಯಲು ಐದು ನಿಮಿಷ ದಾಟುತ್ತದೆ, ಅಷ್ಟು ಹೊತ್ತು ಬೋರ್ಡ್ ಸತ್ತಂತೆ. ಈ ಆಯ್ಕೆ ಬೇಕೆಂದರೆ ಬಫರನ್ನು 50 ಕಿಲೋಬೈಟ್‌ಗೆ ಇಳಿಸಿ, ಊಪ್ಸ್ ಆದ ಸಿಪಿಯುವಿನದು ಮಾತ್ರ ಸಾಕು ಎಂದು ಹೇಳಿ.

ಪ್ರಿಂಟ್‌ಕೆ ಮತ್ತು ಟ್ರೇಸ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದುವಾಗ ಗಡಿಯಾರಗಳು ತಾಳೆಯಾಗದೆ ಕಾಡುವುದುಂಟು. ಸಮಯ ಹೊಂದಿಸುತ್ತಾ ಕೂರುವ ಬದಲು ಪ್ರಿಂಟ್‌ಕೆ ಗುಂಪಿನ ಕನ್ಸೋಲ್ ಇವೆಂಟ್ ಆನ್ ಮಾಡಿ. ಲಾಗ್ ಸಾಲುಗಳು ಟ್ರೇಸ್‌ನೊಳಗೇ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ.

## ಸ್ವಂತ ಬೈನರಿ ರೂಪ ಕಟ್ಟುವುದಾದರೆ

ಚಿಪ್‌ನ ಒಳ ಮೆಮೊರಿ, ಫರ್ಮ್‌ವೇರ್ ಸ್ಥಿತಿ, ಡಿಎಂಎ ಬಫರ್ ಇಂಥವು ಟ್ರೇಸ್ ಇವೆಂಟ್‌ಗೆ ಹಿಡಿಸುವುದಿಲ್ಲ. ಕೆಲವು ಹತ್ತು ರಿಜಿಸ್ಟರ್ ಮಾತ್ರವಿದ್ದರೆ ಡೀಬಗ್‌ಎಫ್‌ಎಸ್‌ನ ರೆಗ್‌ಸೆಟ್ ಸಹಾಯಕ ಸಾಕು, ಸಾಲಿಗೊಂದು ಹೆಸರು, ಒಂದು ಬೆಲೆ ಕೊಡುತ್ತದೆ. 4 ಕಿಲೋಬೈಟ್ ಡಂಪನ್ನು ಪ್ರಿಂಟ್-ಹೆಕ್ಸ್-ಡಂಪ್‌ನಿಂದ ಲಾಗ್‌ಗೆ ಹಾಕಿದರೆ 256 ಸಾಲು. 16 ಬೈಟ್‌ಗೆ 80 ಅಕ್ಷರದಂತೆ ಐದು ಪಟ್ಟು ಹಿಗ್ಗಿ 20 ಕಿಲೋಬೈಟ್ ಆಗುತ್ತದೆ, ಸೀರಿಯಲ್‌ನಲ್ಲಿ ಹೆಚ್ಚೂಕಡಿಮೆ ಎರಡು ಸೆಕೆಂಡ್. ಮೇಲಾಗಿ ಬಫರ್‌ನ ಆರನೇ ಒಂದು ಭಾಗ ಮಾಯ.

ಅದಕ್ಕೆ ಡೆವ್‌ಕೋರ್‌ಡಂಪ್ ಬಳಸಿ. ಡ್ರೈವರ್ ತನ್ನ ಬೈನರಿಯನ್ನು ಒಪ್ಪಿಸಿದರೆ /ಸಿಸ್/ಕ್ಲಾಸ್/ಡೆವ್‌ಕೋರ್‌ಡಂಪ್ ಕೆಳಗೆ ಡೇಟಾ ಫೈಲ್ ಕಾಣಿಸುತ್ತದೆ, ಹೊಸ ಡಿವೈಸ್ ಕಂಡಾಗ ಕೆಲಸ ಮಾಡುವ ಯೂಡೆವ್‌ನ ನಿಯಮ ಅದನ್ನು ನಕಲು ಮಾಡಿಕೊಳ್ಳಬಹುದು. ಅದು ಡೀಫಾಲ್ಟ್ ಆಗಿ ಐದು ನಿಮಿಷವಷ್ಟೇ ಇರುತ್ತದೆ. ಕೈಯಾರೆ ಎತ್ತಿಕೊಳ್ಳೋಣ ಎಂದು ಚಹಾ ಕುಡಿದು ಬರುವಷ್ಟರಲ್ಲಿ ಕರ್ನಲ್ ಬಿಸಾಡಿರುತ್ತದೆ.

ಇಲ್ಲಿ ಕೀಲಿ ನಿಮ್ಮದೇ ಹೊಣೆ. ಫೈಲಿನ ತಲೆಯಲ್ಲಿ ಮ್ಯಾಜಿಕ್ ಸಂಖ್ಯೆ, ರೂಪದ ಆವೃತ್ತಿ, ತಲೆಯ ಉದ್ದ, ಪ್ರತಿ ದಾಖಲೆಯ ಉದ್ದ, ಫರ್ಮ್‌ವೇರ್ ಆವೃತ್ತಿ ಕಡ್ಡಾಯ. ಉದ್ದ ಬರೆದಿದ್ದರೆ ಹಳೆಯ ಟೂಲ್ ತನಗೆ ಗೊತ್ತಿಲ್ಲದ ಬಾಲವನ್ನು ದಾಟಿ ಮುಂದೆ ಹೋಗುತ್ತದೆ. ಸಿ ಸ್ಟ್ರಕ್ಟನ್ನು ಹಾಗೇ ಹಾಕಬೇಡಿ. 32 ಬಿಟ್ ಫೀಲ್ಡ್‌ನ ಹಿಂದೆಯೇ 64 ಬಿಟ್ ಫೀಲ್ಡ್ ಇರುವ ಸ್ಟ್ರಕ್ಟ್ 32 ಬಿಟ್ ಎಕ್ಸ್86ರಲ್ಲಿ 12 ಬೈಟ್, ಆರ್ಮ್‌ನಲ್ಲಿ ಹಾಗೂ 64 ಬಿಟ್ ಎಕ್ಸ್86ರಲ್ಲಿ 16 ಬೈಟ್. ಪ್ಯಾಡಿಂಗನ್ನು ಹೆಸರಿಟ್ಟು ನೀವೇ ಬರೆಯಿರಿ, ಲಿಟಲ್ ಎಂಡಿಯನ್ ಎಂದು ನಿಗದಿ ಮಾಡುವ ಟೈಪ್‌ಗಳನ್ನು ಬಳಸಿ, ಮೊದಲು ಇಡೀ ಜಾಗವನ್ನು ಸೊನ್ನೆ ಮಾಡಿ. ಸೊನ್ನೆ ಮಾಡದ ಪ್ಯಾಡಿಂಗ್‌ನಲ್ಲಿ ಕರ್ನಲ್ ಮೆಮೊರಿಯ ಹಳೇ ಚೂರುಗಳು ಹೊರಗೆ ಸೋರುತ್ತವೆ.

## ಜೇಸಾನ್ ಬೇಕೇ?

ಹೆಸರು-ಬೆಲೆ ಜೋಡಿಗಳನ್ನು ಆವರಣದೊಳಗೆ ಬರೆಯುವ ಈ ಪಠ್ಯ ರೂಪ ಬೇಕು, ಕರ್ನಲ್ ಹೊರಗೆ. ಡ್ರೈವರ್ ಒಳಗಿಂದ ಜೇಸಾನ್ ಅಚ್ಚು ಹಾಕಿದರೆ 1024 ಬೈಟ್‌ಗೆ ಕತ್ತರಿಸಿಕೊಂಡ ಆವರಣ ಇಡೀ ಸಾಲನ್ನು ಹಾಳು ಮಾಡುತ್ತದೆ. ಹೆಸರು-ಬೆಲೆ ಸಾಲಾದರೆ ಕತ್ತರಿಸಿದರೂ ಮೊದಲ ಫೀಲ್ಡ್‌ಗಳು ಉಳಿಯುತ್ತವೆ. ಜರ್ನಲ್‌ಸಿಟಿಎಲ್, ಹೊಸ ಡಿಮೆಸೇಜ್, ಬಿಪಿಎಫ್‌ಟೂಲ್, ಐಪಿ, ಪರ್ಫ್ ಸ್ಟ್ಯಾಟ್ ಎಲ್ಲಕ್ಕೂ ಜೇಸಾನ್ ಆಯ್ಕೆ ಇದೆ, ಅವು ಯೂಸರ್‌ಸ್ಪೇಸ್‌ನಲ್ಲೇ ಅದನ್ನು ಕಟ್ಟುತ್ತವೆ. ನೆಟ್‌ವರ್ಕ್ ಡ್ರೈವರ್‌ಗಳ ಡೆವ್‌ಲಿಂಕ್ ಹೆಲ್ತ್ ಇದರ ಒಳ್ಳೆಯ ಮಾದರಿ: ಡ್ರೈವರ್ ಹೆಸರು, ಬೆಲೆ ಜೋಡಿಗಳನ್ನು ಕೊಡುತ್ತದೆ, ನೆಟ್‌ಲಿಂಕ್‌ನಲ್ಲಿ ಬೈನರಿಯಾಗಿ ಹೋಗುತ್ತದೆ, ಕೇಳಿದವರಿಗೆ ಪಠ್ಯವಾಗಿಯೋ ಜೇಸಾನ್ ಆಗಿಯೋ ಸಿಗುತ್ತದೆ.

ಜೇಸಾನ್ ಓದುವಾಗ ಕಾಯುತ್ತಿರುವ ಒಂದು ಗುಂಡಿ 64 ಬಿಟ್ ಸಂಖ್ಯೆಗಳದ್ದು. ಹಲವು ಪಾರ್ಸರ್‌ಗಳು ಎಲ್ಲ ಸಂಖ್ಯೆಯನ್ನೂ ಡಬಲ್ ಆಗಿ ಹಿಡಿಯುತ್ತವೆ, 9,00,71,99,25,47,40,992 ದಾಟಿದ ಮೇಲೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. 64 ಬಿಟ್ ಯಂತ್ರಗಳಲ್ಲಿ ಕರ್ನಲ್ ವಿಳಾಸಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು. ಬೂಟ್‌ನಿಂದ ಎಣಿಸುವ ನ್ಯಾನೋಸೆಕೆಂಡ್ ಕೌಂಟರ್ ಆ ಗಡಿ ದಾಟುವುದು 104 ದಿನಕ್ಕೆ. ಟೆಸ್ಟ್ ಬೆಂಚಿನಲ್ಲಿ ಎಂದೂ ಕಾಣದ ಈ ದೋಷ ಹಂಗಾಮಿನ ನಡುವೆ ಕಾಣಿಸಿಕೊಳ್ಳುತ್ತದೆ. ವಿಳಾಸ, ನ್ಯಾನೋಸೆಕೆಂಡ್ ಎರಡನ್ನೂ ಸ್ಟ್ರಿಂಗ್ ಆಗಿ ಕಳಿಸಿ. ಜರ್ನಲ್‌ಸಿಟಿಎಲ್ ಯುಟಿಎಫ್-8 ಅಲ್ಲದ ಸಂದೇಶವನ್ನು ಸ್ಟ್ರಿಂಗ್ ಬದಲು ಬೈಟ್‌ಗಳ ಪಟ್ಟಿಯಾಗಿ ಕೊಡುತ್ತದೆ ಎನ್ನುವುದೂ ಸ್ಕ್ರಿಪ್ಟ್‌ಗೆ ಗೊತ್ತಿರಲಿ.

## ಕರ್ನಲ್ ಬಿದ್ದಾಗ

2.4ರ ಕಾಲದಲ್ಲಿ ಊಪ್ಸ್ ಎಂದರೆ ಬರೀ ವಿಳಾಸಗಳು. ಅದನ್ನು ಕೆಸಿಮ್‌ಊಪ್ಸ್ ಎಂಬ ಟೂಲ್‌ಗೆ ಸರಿಯಾದ ಸಿಸ್ಟಮ್ ಮ್ಯಾಪ್ ಜೊತೆ ಕೊಡಬೇಕಿತ್ತು. ಬೇರೆ ಬಿಲ್ಡ್‌ನ ಮ್ಯಾಪ್ ಕೊಟ್ಟರೆ ಧೈರ್ಯವಾಗಿ ತಪ್ಪು ಫಂಕ್ಷನ್ ಹೆಸರು ಹೇಳುತ್ತಿತ್ತು. 2.6ರಲ್ಲಿ ಕಾಲ್‌ಸಿಮ್ಸ್ ಮೂಲಕ ಹೆಸರುಗಳು ಕರ್ನಲ್‌ನ ಹೊಟ್ಟೆಗೇ ಸೇರಿದವು. ಕರ್ನಲ್ ಸಾಯುವ ಹೊತ್ತಿನಲ್ಲಿ ಅರ್ಥವನ್ನು ಅಲ್ಲೇ ಬಿಡಿಸಬೇಕು ಎಂಬ ತೀರ್ಮಾನ ಅದು, ಇಂದಿಗೂ ಸರಿ. ಡಿಸ್ಕ್ ಡ್ರೈವರ್, ನೆಟ್‌ವರ್ಕ್ ಯಾವುದನ್ನೂ ನಂಬುವಂತಿಲ್ಲ, ಉಳಿದಿರುವುದು ಕನ್ಸೋಲ್ ಮತ್ತು ಆಪರೇಟರ್‌ನ ಫೋನ್. ಊಪ್ಸ್ ಸಾಲಿನಲ್ಲಿ ಫಂಕ್ಷನ್ ಹೆಸರು, ಅದರೊಳಗಿನ ಆಫ್‌ಸೆಟ್, ಫಂಕ್ಷನ್‌ನ ಒಟ್ಟು ಗಾತ್ರ ಇರುತ್ತದೆ. ಫೋಟೊದಲ್ಲಿ ಅಷ್ಟು ಕಂಡರೆ ಫ್ಯಾಡರ್2ಲೈನ್ ಸ್ಕ್ರಿಪ್ಟ್ ಸೋರ್ಸ್ ಸಾಲನ್ನು ಹುಡುಕಿಕೊಡುತ್ತದೆ. "ಕೋಡ್" ಎಂದು ಶುರುವಾಗುವ ಹೆಕ್ಸ್ ಸಾಲು ಮಾತ್ರ ಯಂತ್ರಕ್ಕೆ, ಅದನ್ನು ಡಿಕೋಡ್‌ಕೋಡ್ ಬಿಡಿಸುತ್ತದೆ. ಆಪರೇಟರ್‌ಗೆ ಅದನ್ನು ಓದಿ ಹೇಳಿ ಎನ್ನಬೇಡಿ.

ಫೋಟೊವನ್ನೇ ನಂಬಿ ಕೂರಬೇಕಿಲ್ಲ, ಊಪ್ಸ್ ಸಾಲುಗಳನ್ನು ಮೆಮೊರಿಯಲ್ಲೇ ಕಾಪಾಡುವ ಸೌಲಭ್ಯವಿದೆ. ರ್‍ಯಾಮ್‌ಊಪ್ಸ್‌ಗೆ 1 ಮೆಗಾಬೈಟ್ ರ್‍ಯಾಮ್ ಕಾಯ್ದಿರಿಸಿ, ದಾಖಲೆಯ ಗಾತ್ರ 64 ಕಿಲೋಬೈಟ್, ಕನ್ಸೋಲ್‌ಗೆ 128 ಕಿಲೋಬೈಟ್ ಕೊಡಿ. ಗಾತ್ರಗಳು ಎರಡರ ಘಾತಗಳೇ ಆಗಿರಲಿ. ಬೋರ್ಡ್ ರೀಬೂಟ್ ಆದ ಮೇಲೆ ಪಿಸ್ಟೋರ್ ಡೈರೆಕ್ಟರಿಯಲ್ಲಿ ಹಿಂದಿನ ಊಪ್ಸ್‌ನ ಪಠ್ಯ ಸಿಗುತ್ತದೆ. ವಾರ್ಮ್ ರೀಬೂಟ್ ಆದರೆ ಮಾತ್ರ. ಯಾರ್ಡಿನಲ್ಲಿ ಏನು ಕೆಟ್ಟರೂ ಮೊದಲು ಮೇನ್ ಸ್ವಿಚ್ ಆರಿಸಿ ಹಾಕುವ ಅಭ್ಯಾಸವಿದೆ. ಹಾಗೆ ಮಾಡಿದರೆ ರ್‍ಯಾಮ್‌ನಲ್ಲಿದ್ದದ್ದು ಹೋಯಿತು. ಪ್ಯಾನಿಕ್ (ಕರ್ನಲ್ ಪೂರ್ತಿ ನಿಂತುಹೋಗುವುದು) ಆದ 10 ಸೆಕೆಂಡಿಗೆ ತಾನೇ ರೀಬೂಟ್ ಆಗುವಂತೆ ಬೂಟ್ ಸಾಲಿನಲ್ಲಿ ಹೇಳಿದರೆ ಸ್ವಿಚ್‌ಗೆ ಕೈ ಹೋಗುವ ಮುಂಚೆ ಕೆಲಸ ಮುಗಿಯುತ್ತದೆ.

ಪರದೆ ಇರುವ ಬೋರ್ಡ್‌ಗಳಿಗೆ 6.12ರಿಂದ ಇನ್ನೊಂದು ದಾರಿ ಇದೆ. ಡಿಆರ್‌ಎಂ ಪ್ಯಾನಿಕ್ ಪರದೆ ಲಾಗ್‌ನ ಕೊನೆಯ ಭಾಗವನ್ನು ಕುಗ್ಗಿಸಿ ಕ್ಯೂಆರ್ ಕೋಡ್ ಆಗಿ ತೋರಿಸಬಲ್ಲದು. ಅದೇ ವಾಟ್ಸಾಪ್ ಫೋಟೊ, ಆದರೆ ಈ ಸಲ ಒಂದೊಂದು ಅಂಕಿಯೂ ಸರಿಯಾಗಿ ಬರುತ್ತದೆ, ಮಸುಕಾದ 8 ಮತ್ತು 3ರ ನಡುವೆ ಊಹೆ ಮಾಡಬೇಕಿಲ್ಲ. ಡಿಸ್‌ಪ್ಲೇ ಡ್ರೈವರ್ ಪ್ಯಾನಿಕ್ ಪರದೆಯನ್ನು ಬೆಂಬಲಿಸಬೇಕು, ಕರ್ನಲ್ ಬಿಲ್ಡ್‌ನಲ್ಲೂ ಆ ಆಯ್ಕೆ ಆನ್ ಇರಬೇಕು.

ಕರ್ನಲ್ ಬಿದ್ದಾಗ ಎರಡನೆಯ ಕರ್ನಲ್ ಎಬ್ಬಿಸಿ ಮೆಮೊರಿಯನ್ನು ಫೈಲ್ ಮಾಡುವ ಕೆಡಂಪ್‌ನ ವಿಎಂಕೋರ್ ಬೈನರಿಗಳ ಪೈಕಿ ಎಲ್ಲಕ್ಕಿಂತ ಕಚ್ಚಾ. ಇಡೀ ಮೆಮೊರಿಯೇ ಅಲ್ಲಿರುವುದರಿಂದ ಮೊದಲೇ ಯೋಚಿಸದ ಪ್ರಶ್ನೆಗೂ ಉತ್ತರ ಸಿಗುತ್ತದೆ: ಕ್ರ್ಯಾಶ್ ಟೂಲ್‌ನಲ್ಲಿ ಆಜ್ಞೆ ಕೊಟ್ಟೋ, ಡ್ರ್ಯಾಗನ್‌ನಲ್ಲಿ ಪೈಥಾನ್ ಬರೆದೋ ಯಾವ ಸ್ಟ್ರಕ್ಟನ್ನಾದರೂ ತೆರೆದು ನೋಡಬಹುದು. ಎರಡನೆಯ ಕರ್ನಲ್‌ಗೆ ಮೆಮೊರಿ ಕಾಯ್ದಿರಿಸಬೇಕು, ಫೈಲನ್ನು ಇಡಲು ಜಾಗ ಬೇಕು. ಮೇಕ್‌ಡಂಪ್‌ಫೈಲ್‌ಗೆ 31ರ ಮಟ್ಟ ಕೊಟ್ಟರೆ ಖಾಲಿ ಪುಟ, ಕ್ಯಾಶ್, ಯೂಸರ್ ಡೇಟಾ ಎಲ್ಲ ಬಿಟ್ಟು ಗಾತ್ರ ಇಳಿಸುತ್ತದೆ. ಸಣ್ಣ ವೇಬ್ರಿಡ್ಜ್ ಬೋರ್ಡ್‌ಗೆ ಇದು ಅತಿಯಾಯಿತು, ಹೆಬ್ಬಾಳದ ಟೆಸ್ಟ್ ರ್‍ಯಾಕ್‌ನಲ್ಲಿ ಇರಲೇಬೇಕು. ವಿಎಂಕೋರ್ ಆಗಲಿ ಊಪ್ಸ್‌ನ ಆಫ್‌ಸೆಟ್ ಆಗಲಿ, ಕೀಲಿ ಮಾತ್ರ ಒಂದೇ: ಅದೇ ಬಿಲ್ಡ್‌ನ, ಡೀಬಗ್ ಮಾಹಿತಿ ಇರುವ ವಿಎಂಲಿನಕ್ಸ್ ಫೈಲ್. ಅದೇ ಸೋರ್ಸ್‌ನಿಂದ ಬೇರೆ ಕಂಪೈಲರ್‌ನಲ್ಲಿ ಮತ್ತೆ ಬಿಲ್ಡ್ ಮಾಡಿದ್ದು ನಡೆಯುವುದಿಲ್ಲ, ಆಫ್‌ಸೆಟ್‌ಗಳು ಸರಿದಿರುತ್ತವೆ. ಹೊರಗೆ ಕಳಿಸಿದ ಪ್ರತಿ ಬಿಲ್ಡ್‌ನ ವಿಎಂಲಿನಕ್ಸ್ ಮತ್ತು ಮಾಡ್ಯೂಲ್‌ಗಳನ್ನು ಬಿಲ್ಡ್ ಐಡಿಯ ಹೆಸರಿನಲ್ಲೇ ಸರ್ವರ್‌ನಲ್ಲಿಡಿ, ಆ ಬಿಲ್ಡ್ ಓಡುವ ಕೊನೆಯ ಬೋರ್ಡ್ ಯಾರ್ಡಿನಿಂದ ಕೆಳಗಿಳಿಯುವ ತನಕ ಅಳಿಸಬೇಡಿ.